ನಿಂಬೆಯ ರಸದಲ್ಲಿ ಸಿ ಜೀವಸತ್ತ್ವದ ಮಾಪನ

ಹುಳಿಯೇ ಸಿ ಜೀವಸತ್ತ್ವವೆಂಬ ಭ್ರಮೆಯು ಹಲವರಲ್ಲಿ ಉಂಟು. ನಿಂಬೆಯ ಹುಳಿಗೆ ಸಿಟ್ರಿಕ್ ಆಮ್ಲವೇ ಮುಖ್ಯ ಕಾರಣವು. ಜೀವಸತ್ತ್ವವಾದರೋ ಆಸ್ಕಾರ್ಬಿಕ್ ಆಮ್ಲವೆಂಬ ಬೇರೊಂದು ದ್ರವ್ಯವು. ಆದುದರಿಂದ ಇಲ್ಲಿ ನಾಲಗೆಯು ಪ್ರಮಾಣವಾಗದು, ಅಯೋಡಿನ್ ಪ್ರಮಾಣವಾಗುವುದು.

ರಸಕ್ಕೆ ಗಂಜಿಯ ತಿಳಿಯನ್ನು ಕೂಡಿಸಿ ಅಯೋಡಿನ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಆಸ್ಕಾರ್ಬಿಕ್ ಆಮ್ಲವು ಉಳಿದಿರುವವರೆಗೆ ಅಯೋಡಿನ್ನನ್ನು ಅಯೋಡೈಡಾಗಿ ಮಾರ್ಪಡಿಸುವುದರಿಂದ ಬಣ್ಣವು ನಿಲ್ಲದು. ಅದು ತೀರಿದೊಡನೆ ನೀಲವರ್ಣವು ನೆಲೆಗೊಳ್ಳುವುದು. 0.005 ಮೋಲಾರ್ ದ್ರಾವಣದ 1 ಮಿಲಿಲೀಟರು 0.88 ಮಿಲಿಗ್ರಾಮ್ ಜೀವಸತ್ತ್ವಕ್ಕೆ ಸಮವು. ಅಯೋಡಿನ್ನನ್ನು ಹೀಗೆಯೇ ಮಾರ್ಪಡಿಸುವ ಅನ್ಯದ್ರವ್ಯಗಳಿದ್ದರೆ ಲೆಕ್ಕವು ಮಿಗಿಲಾಗುವುದು.

ರಸದ ಎರಡು ಸಮಭಾಗಗಳಲ್ಲಿ ಒಂದನ್ನು ಬಹುಕಾಲ ಕುದಿಸಿ ಅಳೆದರೆ ಅಯೋಡಿನ್ ಕಡಿಮೆ ಹಿಡಿಯುವುದು. ಹುಳಿಯಾದರೋ ಹಾಗೆಯೇ ಇರುವುದು. ಹೊಸಪೇಟೆಯ ಬಳಿಯ ಪಾಪಿನಾಯಕನಹಳ್ಳಿಯೇ ಮೊದಲಾದ ಊರುಗಳಲ್ಲಿ ಚಿತ್ರಾನ್ನವನ್ನು ಒಲೆಯಿಂದಿಳಿಸಿದ ಮೇಲೆ ನಿಂಬೆ ಹಿಂಡುವ ರೂಢಿಯು ಯುಕ್ತವೆಂಬುದು ಇದರಿಂದ ಸಿದ್ಧವಾಗುತ್ತದೆ.