ಗೆದ್ದಲು: ಹುತ್ತ ಒಡೆಯುವ ಮೊದಲು

ಬೇಸಿಗೆ ಬಂತೆಂದರೆ ನೆರಳುಮರಕ್ಕೆ ಗೆದ್ದಲು ಹತ್ತಿದೆ, ಯಾವ ಪುಡಿ ಹಾಕಬೇಕು ಎಂದು ಸದಸ್ಯರು ವಿಚಾರಿಸುತ್ತಾರೆ. ಪುಡಿಗೆ ಹಣ ಸುರಿಯುವ ಮೊದಲು ಈ ಹುಳುವಿನ ರೀತಿ ತಿಳಿಯುವುದು ಲೇಸು.

ನಮ್ಮಲ್ಲಿ ಹುತ್ತ ಕಟ್ಟುವ ಮುಖ್ಯ ಜಾತಿಗಳಲ್ಲಿ ಒಂದು ಒಡಾಂಟೊಟರ್ಮಿಸ್ ಒಬೆಸಸ್. ಇದರ ಆಳುಗಳು ಒಣ ತೊಗಟೆ, ಎಲೆ, ಕಡ್ಡಿಗಳನ್ನು ತಿಂದು, ಹುತ್ತದೊಳಗೆ ಅದರ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ಬೇಸಾಯದ್ದೇ.

ಆದ್ದರಿಂದ ದೊಡ್ಡ ಮರಕ್ಕೆ ಮೆತ್ತಿದ ಮಣ್ಣು ಕಂಡು ಗಾಬರಿ ಬೇಡ. ಕೆರೆದು ನೋಡಿರಿ. ಒಳತೊಗಟೆ ಹಸಿಯಾಗಿದ್ದರೆ ಹುಳು ತಿಂದದ್ದು ಹೊರಗಿನ ಒಣ ಪದರವನ್ನಷ್ಟೇ. ಒಣಗಿದ ಕಾಫಿ ಗಿಡದಲ್ಲಿ ಗೆದ್ದಲು ಕಂಡರೆ ಮೊದಲು ಕಾಂಡಕೊರಕವಿತ್ತೇ ಎಂದು ಪರೀಕ್ಷಿಸಿರಿ. ಎಷ್ಟೋ ಸಲ ಗೆದ್ದಲು ಆಮೇಲೆ ಬಂದದ್ದು.

ನಿಜವಾದ ಅಪಾಯ ಎಳೆಯ ಸಸಿಗೆ, ಅದರಲ್ಲೂ ನೀರಿಲ್ಲದೆ ಬಾಡಿದ್ದಕ್ಕೆ. ತೆಂಗಿನ ಸಸಿಮಡಿಯಲ್ಲಿ ಬೀಜದ ಕಾಯಿಯ ಸಿಪ್ಪೆ ತಿಂದು ಮೊಳಕೆಯವರೆಗೂ ಹೋಗುತ್ತದೆ. ಕಂಪ್ಲಿ ಸೀಮೆಯಲ್ಲಿ ಬೆಳೆಯುವ ಕಬ್ಬಿಗೂ ಇದು ಶತ್ರು. ನೆಟ್ಟ ತುಂಡಿನ ಕೊಯ್ದ ತುದಿಯಿಂದ ಒಳಹೊಕ್ಕು ಕಣ್ಣುಗಳನ್ನು ಕೆಡಿಸುತ್ತದೆ.

ಅಲ್ಲಿಗೆ ಸಮೀಪದ ದರೋಜಿಯಲ್ಲಿ ಇದೇ ಗೆದ್ದಲು ಕರಡಿಯ ಅನ್ನ. 1994ರಲ್ಲಿ ಘೋಷಣೆಯಾದ ಅಲ್ಲಿನ ಕರಡಿಧಾಮವನ್ನು ಹಂಪಿಗೆ ಹೋದ ಸದಸ್ಯರು ನೋಡಿರಬಹುದು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಉಗುರಿನಿಂದ ಹುತ್ತ ಬಗೆದು, ಮಣ್ಣು ಊದಿ, ಹೊಳ್ಳೆ ಮುಚ್ಚಿಕೊಂಡು ಆ ಸಂದಿನಿಂದ ಹುಳುಗಳನ್ನು ಹೀರುತ್ತದೆ. ಕಾಡಂಚಿನ ಹುತ್ತಕ್ಕೆ ವಿಷ ಸುರಿದರೆ ಅದು ಯಾರ ಹೊಟ್ಟೆ ಸೇರೀತೆಂದು ಯೋಚಿಸಬೇಕು.

ಸದಸ್ಯರು ಅನುಸರಿಸಬೇಕಾದ ಕ್ರಮಗಳು:

1. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿರಿ. ಹಸಿ ಗೊಬ್ಬರ ಗೆದ್ದಲನ್ನು ಕರೆಯುತ್ತದೆ.

2. ಬೇಸಿಗೆಯಲ್ಲಿ ಸಸಿ ಬಾಡದಂತೆ ನೀರು ಕೊಡಿರಿ. ದರಗು ಹೊದಿಸುವಾಗ ಬುಡಕ್ಕೆ ತಾಗದಂತೆ ಅಂತರ ಬಿಡಿರಿ.

3. ಸತ್ತ ಗಿಡ, ಒಣ ಬೊಡ್ಡೆ, ಹಳೆಯ ಊರುಗೋಲುಗಳನ್ನು ತೆಗೆಯಿರಿ.

4. ತೆಂಗಿನ ಸಸಿಮಡಿಯ ಮೇಲೆ ಹೊಳೆಮರಳು ಹರಡಿರಿ.

5. ಸಸಿಗಳ ನಡುವೆ ಹುತ್ತ ಎದ್ದಿದ್ದರೆ ನೆತ್ತಿ ಒಡೆದು ಫಲವಿಲ್ಲ. ಆಳುಗಳು ಮತ್ತೆ ಕಟ್ಟುತ್ತವೆ. ಆಳಕ್ಕೆ ಅಗೆದು, ಗಟ್ಟಿ ಮಣ್ಣಿನ ಕೋಣೆಯಲ್ಲಿರುವ ರಾಣಿಯನ್ನು ತೆಗೆಯಬೇಕು. ಹಾವಿದ್ದೀತು, ಎಚ್ಚರ.

ಹಿಂದೆ ರೂಢಿಯಲ್ಲಿದ್ದ ಆಲ್ಡ್ರಿನ್, ಬಿ.ಎಚ್.ಸಿ. ಪುಡಿಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥವು. 1990ರ ದಶಕದಲ್ಲೇ ನಿಷೇಧವಾಗಿವೆ. ಅಟ್ಟದಲ್ಲಿ ಹಳೆಯ ಡಬ್ಬಿ ಇದ್ದರೆ ಬಳಸಬೇಡಿರಿ. ಔಷಧಿ ಅನಿವಾರ್ಯವಾದರೆ ಈಗ ಅನುಮತಿ ಇರುವುದು ಯಾವುದೆಂದು ತೋಟಗಾರಿಕೆ ಇಲಾಖೆಯಲ್ಲಿ ಕೇಳಿಯೇ ಕೊಳ್ಳಿರಿ.