ಏರುಗಾಳಿಯ ಸದ್ದು ಹೇಗಿರಬೇಕು?

ಹೊಳಲ್ಕೆರೆಯ ಅಡಿಕೆ ತೋಟಗಳನ್ನು ಬಿಟ್ಟು, ಚಿತ್ರದುರ್ಗದ ಬಂಡೆಗುಡ್ಡ ದಾಟಿ ಚಳ್ಳಕೆರೆಯತ್ತ ಸಾಗಿದರೆ ಹಸಿರು ತೆಳುವಾಗುತ್ತ ಬಟಾಬಯಲು ಎದುರಾಗುತ್ತದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇರುವುದು ಈ ಬಯಲಿನಲ್ಲೇ. ಇಸ್ರೊ 2023ರ ಏಪ್ರಿಲ್ 2ರಂದು ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟು ಇಲ್ಲಿ ಇಳಿಸಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ. ಎಂಜಿನ್ ಬಲವಿಲ್ಲದೆ, ತೇಲಿಕೊಂಡೇ ಬಂದ ವಾಹನ. ತೇಲುವುದೆಂದರೂ ನೆಲ ಮುಟ್ಟುವಾಗ ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗ! ಒಳಗೆ ಮನುಷ್ಯರಿಲ್ಲ, ಹಾಗಾಗಿ ಯಾರ ಕಿವಿಗೂ ಏನನ್ನೂ ಹೇಳಬೇಕಿರಲಿಲ್ಲ.

ಮನುಷ್ಯ ಕೂರುವ ಗ್ಲೈಡರಿನ ಕಥೆ ಬೇರೆ. ಒಂದು ಕಿ.ಮೀ. ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಅದು ನಲವತ್ತು ಕಿ.ಮೀ. ಸಾಗಬಲ್ಲದು. ಇನ್ನೂ ದೂರ ಹೋಗಬೇಕಾದರೆ ಏರುಗಾಳಿ ಸಿಗಬೇಕು. ಬೇಸಿಗೆಯ ಮಧ್ಯಾಹ್ನ ಒಣ ಹೊಲ, ಬರಿಬಂಡೆ ಬೇಗ ಕಾಯುತ್ತವೆ, ಅವುಗಳ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ನೀರುಂಡ ತೋಟದ ನೆಲ ಅಷ್ಟು ಕಾಯುವುದಿಲ್ಲ. ಹದ್ದುಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ನಮಗೆ ಗೊತ್ತಾಗದು. ಒಂದೇ ಸಮನೆ ಮೇಲೇರುತ್ತಿದ್ದರೆ ದೇಹಕ್ಕೆ ಅದು ತಿಳಿಯುವುದೇ ಇಲ್ಲ. ಏರಿಕೆ ಶುರುವಾಗುವಾಗಿನ ಕುಲುಕು ಮಾತ್ರ ತಿಳಿಯುತ್ತದೆ. ಅದಕ್ಕೇ ವೇರಿಯೋಮೀಟರ್. ನೆಲದ ಹತ್ತಿರ ಎಂಟು ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು ಒಂದು ಮಿಲಿಬಾರ್ ಇಳಿಯುತ್ತದೆ. ಆ ಇಳಿಕೆ ಎಷ್ಟು ಬೇಗ ಆಯಿತೆಂಬುದನ್ನು ಅದು ಅಳೆಯುತ್ತದೆ. 1920ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ರಾಬರ್ಟ್ ಕ್ರೋನ್‌ಫೆಲ್ಡ್ ಇದನ್ನು ಬಳಸಿ ದೂರದೂರ ಹಾರಿದ. ಆಗ ಇದ್ದದ್ದು ಮುಳ್ಳು. ಸದ್ದು ಬಂದದ್ದು ಆಮೇಲೆ. ಕಾರಿನ ರಿವರ್ಸ್ ಸೆನ್ಸರ್ ಗೋಡೆ ಹತ್ತಿರವಾದಂತೆ ಬೀಪನ್ನು ಚುರುಕುಗೊಳಿಸುವ ಹಾಗೆಯೇ ಇದೂ. ಏರಿಕೆ ಜೋರಾದರೆ ಬೀಪ್ ಚುರುಕು, ಸ್ವರ ಎತ್ತರ. ಇಳಿದರೆ ಎಡೆಬಿಡದ ತಗ್ಗು ಸ್ವರ. ಒಂದೇ ಏರುಗಾಳಿಯಲ್ಲಿ ನಾಲ್ಕಾರು ಗ್ಲೈಡರ್‌ಗಳು ಸುತ್ತುವಾಗ ಕಣ್ಣು ಹೊರಗಿರಬೇಕು, ಮುಳ್ಳಿನ ಮೇಲಲ್ಲ.

ವೇರಿಯೋಮೀಟರ್ ಕೊಳ್ಳುವವರು ಮಾತ್ರ ಮೊದಲು ನೋಡುವುದು ಬಣ್ಣದ ಪರದೆಯನ್ನು. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಸದ್ದು. ಐದು ಗಂಟೆ ಕಿವಿಯ ಪಕ್ಕ ಕೀಚಲು ಸ್ವರವಿದ್ದರೆ ಯಾರಾದರೂ ಅದನ್ನು ಬಂದ್ ಮಾಡಿಯೇ ತೀರುತ್ತಾರೆ. ಬಂದ್ ಮಾಡಿದ ಯಂತ್ರ ಎಷ್ಟು ದುಬಾರಿಯಾಗಿದ್ದರೇನು? ಸ್ವರವನ್ನು ತಗ್ಗಿಸಲು ಬರಬೇಕು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಸ್ವರಗಳೇ, ಹಾಗಾಗಿ ಹಿರಿಯರಿಗೆ ಇದು ಇನ್ನೂ ಮುಖ್ಯ. ಎಲ್ಲಕ್ಕಿಂತ ಮಿಗಿಲಾಗಿ, ಯಾವಾಗ ಸುಮ್ಮನಿರಬೇಕೆಂದು ನಾವೇ ಹೇಳುವಂತಿರಬೇಕು. ಸಣ್ಣಪುಟ್ಟ ಏರಿಳಿತಕ್ಕೂ ಬಾಯಿ ಬಿಡುವ ಯಂತ್ರ ತಲೆನೋವು. ಹಾಗೆಂದು ತೀರ ನಿಧಾನವೂ ಸಲ್ಲ, ಬೀಪ್ ಬರುವಷ್ಟರಲ್ಲಿ ಏರುಗಾಳಿಯನ್ನೇ ದಾಟಿರುತ್ತೇವೆ. ಇನ್ನೊಂದು ಮಾತು: ಚಾಲನಾ ಕೋಲೆಳೆದು ವೇಗ ಕಳೆದು ಏರಿದ್ದನ್ನೂ ಏರುಗಾಳಿ ಎಂದು ಕೂಗದಂತೆ, ಟೋಟಲ್ ಎನರ್ಜಿ ಸರಿದೂಗಿಸುವ ವ್ಯವಸ್ಥೆ ಬೇಕೇ ಬೇಕು.

ಸ್ವರದ ರುಚಿ ನೋಡಲು ಹಾರಲೇಬೇಕೆಂದಿಲ್ಲ. ಒತ್ತಡದ ಸೆನ್ಸರ್ ಇರುವ ಆಂಡ್ರಾಯ್ಡ್ ಫೋನಿಗೆ ಎಕ್ಸ್‌ಸಿ‌ಸೋರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಕಾರಿನ ಕಿಟಕಿ ಏರಿಸಿ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ರಸ್ತೆ ಹತ್ತಿ. ಸದ್ದು ಯಾವಾಗ ಕಿರಿಕಿರಿಯಾಯಿತೆಂದು ಹಿಂದಿನ ಸೀಟಿನವರನ್ನೂ ಕೇಳಿ. ಅವರು ಮುಲಾಜಿಲ್ಲದೆ ಹೇಳುತ್ತಾರೆ.