ಉಪ್ಪುನೀರಿಗೆ ಒಡ್ಡು ಕಟ್ಟಿದವರು

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬೆಳೆದ ನಮ್ಮಂಥವರಿಗೆ ಒಡ್ಡು ಎಂದರೆ ನೀರು ಹಿಡಿದಿಡುವ ಕಟ್ಟು. ಕುಸುಗಲ್ ಕಡೆಯ ಎರೆಹೊಲದಲ್ಲಿ ಮಳೆನೀರು ಹರಿದುಹೋಗದಂತೆ ಹಾಕುವ ಬದು, ಉಣಕಲ್ ಕೆರೆಯ ಏರಿ, ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು, ಎಲ್ಲವೂ ಬಂದ ನೀರನ್ನು ಬಿಡಬಾರದೆಂಬ ಹಟದಿಂದ ಎದ್ದವು. ಘಟ್ಟ ಇಳಿದು ಕುಮಟಾ ತಾಲ್ಲೂಕಿನ ಹಿನ್ನೀರಿನ ಬದಿಗೆ ಹೋದರೆ ಬೇರೆಯೇ ಬಗೆಯ ಒಡ್ಡುಗಳಿವೆ. ದಿನಕ್ಕೆ ಎರಡು ಸಲ ನದಿಯ ಬಾಯಿಂದ ಏರಿ ಬರುವ ಸಮುದ್ರವನ್ನು ಗದ್ದೆಯ ಹೊರಗೆ ನಿಲ್ಲಿಸಲು ಕಟ್ಟಿದ ಒಡ್ಡುಗಳು ಅವು. ಅವುಗಳ ಒಳಗಿನ ತಗ್ಗು ಭೂಮಿಯನ್ನು ಅಲ್ಲಿಯವರು ಗಜನಿ ಎನ್ನುತ್ತಾರೆ.

ಹುಬ್ಬಳ್ಳಿಗೂ ಕುಮಟಾಕ್ಕೂ ಹಳೆಯ ನಂಟಿದೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಚಕ್ಕಡಿ ಏರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ನಮ್ಮ ಎರೆಭೂಮಿಯ ಹತ್ತಿಯನ್ನು ಪರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಕರೆದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ದಾರಿಗೆ ಎಲ್ಲಿಲ್ಲದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಸ್ಥರ ಒತ್ತಾಯವಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದ ಮೇಲೆ ಹತ್ತಿ ರೈಲು ಹಿಡಿಯಿತು, ಕುಮಟಾ ಬಂದರು ಸೊರಗಿತು. ಆ ರೈಲಿನ ಮಗ್ಗುಲಲ್ಲೇ ಮನೆ ಕಟ್ಟಿಕೊಂಡ ಕೇಶ್ವಾಪುರದವರು ಈಗ ಕುಮಟಾ ಕಡೆ ಹೊರಡುವುದು ಗೋಕರ್ಣದ ದರ್ಶನಕ್ಕೆ, ಇಲ್ಲವೇ ಓಂ ಬೀಚಿಗೆ. ಆ ದಾರಿಯಿಂದ ತುಸು ದೂರದಲ್ಲೇ ಇರುವ ಗಜನಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಈ ಬರಹ ಅದಕ್ಕಾಗಿ.

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಅಲ್ಲಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದರೆ ಗೋಕರ್ಣದ ಕೂಟುರಸ್ತೆ ಕಳೆದು ಮಿರ್ಜಾನ್ ಕೋಟೆ, ಅದರಾಚೆ ಅಘನಾಶಿನಿ ನದಿ. ಒಟ್ಟು ನಾಲ್ಕು ತಾಸಿನ ಹಾದಿ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಈ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ ಧುಮುಕಿ, ಕಾಡಿನ ಕಣಿವೆ ಹಾದು, ಕುಮಟಾ ತಾಲ್ಲೂಕಿನಲ್ಲಿ ಅಗಲವಾಗಿ ಹರಡಿಕೊಂಡು ತದಡಿಯ ಬಳಿ ಕಡಲು ಸೇರುತ್ತದೆ. ಹೀಗೆ ಹರಡಿಕೊಂಡ ಕಡೆ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಈ ಅಳಿವೆ ಪ್ರದೇಶದ 4,801 ಹೆಕ್ಟೇರನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿಸಲಾಗಿದೆ. ಅದೇ ಸಲ ಗದಗ ಜಿಲ್ಲೆಯ ನಮ್ಮ ಮಾಗಡಿ ಕೆರೆಗೂ ಆ ಗೌರವ ಸಿಕ್ಕಿತು. ಅಘನಾಶಿನಿಯ ಎರಡೂ ದಂಡೆಯ ಹೆಗಡೆ, ಮಾಣಿಕಟ್ಟಾ, ಕೋಡ್ಕಣಿ, ಐಗಳಕುರ್ವೆ, ಬೆಟ್ಕುಳಿ, ತೊರ್ಕೆ ಸುತ್ತಮುತ್ತ ಗಜನಿಗಳಿವೆ.

ನಾನು ನಿಂತದ್ದು ಮಾಣಿಕಟ್ಟಾದ ಒಡ್ಡಿನ ಮೇಲೆ, ಭರತ, ಅಂದರೆ ಉಬ್ಬರ, ಏರುತ್ತಿದ್ದ ಹೊತ್ತಿನಲ್ಲಿ. ಎಡಕ್ಕೆ ಹೊಳೆ, ಬಲಕ್ಕೆ ಗದ್ದೆ, ನಡುವೆ ಇಬ್ಬರು ಜೋಡಿಯಾಗಿ ನಡೆಯುವಷ್ಟು ಅಗಲದ ಕಟ್ಟು. ಹೊಳೆಯ ನೀರು ಕಣ್ಣೆದುರೇ ಗದ್ದೆಯ ಮಟ್ಟಕ್ಕಿಂತ ಮೇಲೆ ಬಂತು. ಒಡ್ಡಿನ ಹೊರಮೈಯಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಬೇರು ಬಿಟ್ಟು ಅಲೆಯ ಪೆಟ್ಟನ್ನು ಮುರಿಯುತ್ತಿದ್ದವು. ಅವಿಲ್ಲದ ಕಡೆ ಮಣ್ಣು ಕೊರೆದುಹೋಗಿತ್ತು. ಇನ್ನು ಏಡಿ. ಒಡ್ಡಿನ ಮೈಯನ್ನೆಲ್ಲ ಏಡಿಗಳು ತೂತು ಮಾಡಿದ್ದವು. ಬೆರಳು ಹೋಗುವಷ್ಟು ಸಣ್ಣ ತೂತೇ ಒಂದು ಅಮಾವಾಸ್ಯೆಯ ಉಬ್ಬರದಲ್ಲಿ ಬಾಯಿ ಬಿಟ್ಟು ಇಡೀ ಬಯಲಿಗೆ ಉಪ್ಪುನೀರು ನುಗ್ಗಿಸಬಹುದು. ಬೆಳೆಯಿರುವಷ್ಟು ದಿನ ಒಡ್ಡಿನ ಮೇಲೆ ಯಾರಾದರೂ ಓಡಾಡುತ್ತಲೇ ಇರಬೇಕು.

ಒಡ್ಡಿನ ಜೀವ ಅದರ ಬಾಗಿಲು. ಜಂತ್ರಡಿ ಎಂದು ಕರೆಯುವ ಈ ತೂಬಿನಲ್ಲಿ ಎರಡು ಗಟ್ಟಿ ಗೋಡೆಗಳ ನಡುವೆ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಡುತ್ತಾರೆ. ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರು ಗದ್ದೆಯಲ್ಲಿ ತುಂಬಿದಾಗ, ಹೊಳೆಯಲ್ಲಿ ಇಳಿತವಾಗುವುದನ್ನೇ ಕಾದು ಹಲಗೆ ಎತ್ತಿ ನೀರು ಹೊರಗೆ ಬಿಡಬೇಕು. ಭರತ ಶುರುವಾಗುವುದರೊಳಗೆ ಹಲಗೆ ಮತ್ತೆ ಕೆಳಗಿಳಿಯಬೇಕು. ಇದು ಗಡಿಯಾರ ನೋಡಿ ಮಾಡುವ ಕೆಲಸವಲ್ಲ. ಉಬ್ಬರ ದಿನದಿನಕ್ಕೆ ಮುಕ್ಕಾಲು ತಾಸಿನಷ್ಟು ಮುಂದೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಮತ್ತಷ್ಟು ಎತ್ತರ ಏರುತ್ತದೆ. ನಡುರಾತ್ರಿಯ ಇಳಿತವಿದ್ದರೆ ನಡುರಾತ್ರಿಯೇ ಹೋಗಬೇಕು.

ಒಳಗೆ ಬೆಳೆಯುವುದು ಕಗ್ಗ. ಉಪ್ಪನ್ನು ತಾಳುವ ಭತ್ತ ಇದು. ಬೇಸಿಗೆಯ ಕೊನೆಗೆ ಗಜನಿಯ ನೀರು ಬಸಿದು ನೆಲ ಒಣಗಿಸುತ್ತಾರೆ. ಜೂನಿನ ಜಡಿಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಆಮೇಲೆ ಗೊಬ್ಬರವಿಲ್ಲ, ಔಷಧವಿಲ್ಲ. ನದಿ ತಂದು ಹಾಕಿದ ಹೂಳೇ ಅದರ ಪೋಷಣೆ. ನೆರೆ ಬಂದು ಗಿಡ ವಾರದಷ್ಟು ದಿನ ಮುಳುಗಿದರೂ ಕೊಳೆಯದೆ ಉಳಿದು, ನೀರಿನೊಡನೆ ತಾನೂ ಮೇಲಕ್ಕೆ ಬೆಳೆಯುತ್ತದೆ. ಆಳೆತ್ತರಕ್ಕೆ ಬರುವ ಪೈರನ್ನು ಬುಡಕ್ಕೆ ಕೊಯ್ಯುವುದಿಲ್ಲ. ಅಕ್ಟೋಬರ್ ನವೆಂಬರ್ ಹೊತ್ತಿಗೆ ನೀರಿನಲ್ಲೇ ನಿಂತು ತೆನೆ ಮಾತ್ರ ಕತ್ತರಿಸಿಕೊಳ್ಳುತ್ತಾರೆ. ಉಳಿದ ಹುಲ್ಲು ಅಲ್ಲೇ ಕೊಳೆಯಲಿ ಎಂದು ಬಿಡುವುದರಲ್ಲಿ ಒಂದು ಲೆಕ್ಕವಿದೆ. ಕೊಯ್ಲು ಮುಗಿಯುತ್ತಲೇ ಜಂತ್ರಡಿಯ ಹಲಗೆ ತೆಗೆದು ಸಮುದ್ರದ ನೀರನ್ನು ಒಳಗೆ ಕರೆಯುತ್ತಾರೆ. ಅದರೊಂದಿಗೆ ಶೆಟ್ಲಿಯ (ಸಿಗಡಿಯ) ಮರಿ, ಮೀನಿನ ಮರಿ, ಏಡಿ ಎಲ್ಲ ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಮೇವು. ಆರು ತಿಂಗಳು ಅನ್ನ ಕೊಟ್ಟ ನೆಲ ಮುಂದಿನ ಆರು ತಿಂಗಳು ಮೀನು ಕೊಡುತ್ತದೆ.

ಕಗ್ಗದ ಅನ್ನ ಉಂಡವರು ಬಿಳಿ ಅಕ್ಕಿಗೆ ಸುಲಭವಾಗಿ ಒಗ್ಗುವುದಿಲ್ಲ. ಕೆಂಪು ಮೈಯ ಈ ಅಕ್ಕಿಯ ಗಂಜಿ ಕುಡಿದರೆ ಬೇಗ ಹಸಿವಾಗುವುದಿಲ್ಲ ಎಂಬುದು ಅಲ್ಲಿಯವರ ಅನುಭವ. ಬಾಣಂತಿಯರಿಗೂ ಅದನ್ನೇ ಕೊಡುವ ರೂಢಿ.

ಸಮುದ್ರಕ್ಕೆ ಒಡ್ಡು ಕಟ್ಟುವ ವಿದ್ಯೆಯಲ್ಲಿ ಹೆಸರಾದವರಲ್ಲಿ ಚೀನಿಯರೂ ಇದ್ದಾರೆ. ಹಾಂಗ್‌ಝೌ ಕೊಲ್ಲಿಗೆ ಬೀಳುವ ಚಿಯೆನ್‌ತಾಂಗ್ ನದಿಯಲ್ಲಿ ಉಬ್ಬರ ಬರುವುದು ಗೋಡೆಯಂತೆ ಎದ್ದು ನಿಂತ ಅಲೆಯಾಗಿ. ಶರತ್ಕಾಲದ ಹುಣ್ಣಿಮೆಯ ಆಸುಪಾಸು ಅದನ್ನು ನೋಡಲು ಇಂದಿಗೂ ಜಾತ್ರೆ ಸೇರುತ್ತದೆ. 910ರಲ್ಲಿ ಅಲ್ಲಿಯ ರಾಜ ಚಿಯೆನ್ ಲ್ಯೂ ಬಿದಿರಿನ ಬುಟ್ಟಿಗಳಲ್ಲಿ ಕಲ್ಲು ತುಂಬಿಸಿ, ದೊಡ್ಡ ಮರದ ಗೂಟಗಳನ್ನು ಹೂಳಿಸಿ ಒಡ್ಡು ಕಟ್ಟಿಸಿದ. ಕೆಲಸ ನಡೆಯಗೊಡದೆ ಕಾಡಿದ ಅಲೆಗಳ ಮೇಲೆ ಬಿಲ್ಲುಗಾರರಿಂದ ಬಾಣ ಬಿಡಿಸಿದನೆಂದು ಐತಿಹ್ಯ. 1542ರಲ್ಲಿ ಹಾಯ್‌ಯೆನ್‌ನಲ್ಲಿ ಹುವಾಂಗ್ ಗ್ವಾಂಗ್‌ಶೆಂಗ್ ಎಂಬ ಅಧಿಕಾರಿ ಕಲ್ಲಿನ ಗೋಡೆಗೆ ಹೊಸ ವಿನ್ಯಾಸ ಕೊಟ್ಟ. ದಿಂಡುಗಲ್ಲುಗಳನ್ನು ಉದ್ದಕ್ಕೂ ಅಡ್ಡಕ್ಕೂ ಹೆಣೆದು, 18 ವರಸೆ ಏರಿಸಿ, ಪ್ರತಿ ವರಸೆಯನ್ನು ತುಸು ಹಿಂದಕ್ಕೆ ಸರಿಸುತ್ತ ಹೋದರು. ಮೀನಿನ ಹುರುಪೆಯಂತೆ ಕಾಣುವ ಆ ಗೋಡೆಗೆ ಆ ಹೆಸರೇ ನಿಂತಿತು. ಮುಂದೆ ಚಿಂಗ್ ಚಕ್ರವರ್ತಿಗಳು ಹಾಯ್‌ನಿಂಗ್ ಕಡೆ ಇದೇ ಬಗೆಯ ಗೋಡೆಯನ್ನು ಮೈಲಿಗಟ್ಟಲೆ ಬೆಳೆಸಿದರು. ಕಲ್ಲಿನ ಸಂದಿಗೆ ಕಬ್ಬಿಣದ ಪಟ್ಟಿ. ಗಾರೆಗೆ ಸುಣ್ಣದ ಜೊತೆ ಬೆರೆಸಿದ್ದು ಅಂಟಕ್ಕಿಯ ಗಂಜಿ. ಆ ಗಾರೆ ಇನ್ನೂ ಗಟ್ಟಿಯಾಗಿದೆ.

ಆ ಗೋಡೆಯ ಹಿಂದೆ ಸಾಮ್ರಾಜ್ಯದ ಬೊಕ್ಕಸವಿತ್ತು. ಚಿಯೆನ್‌ಲೊಂಗ್ ಚಕ್ರವರ್ತಿಯೇ ಖುದ್ದಾಗಿ ಬಂದು ಕೆಲಸ ನೋಡಿದ್ದ. ನಮ್ಮ ಗಜನಿಯ ಒಡ್ಡನ್ನು ಯಾವ ರಾಜನೂ ಕಟ್ಟಿಸಲಿಲ್ಲ. ಹಾಲಕ್ಕಿ ಒಕ್ಕಲಿಗರು, ಪಟಗಾರರು, ನಾಮಧಾರಿಗಳು, ಅಂಬಿಗರು ಹೊಳೆಯ ಕೆಸರನ್ನೇ ಬುಟ್ಟಿಯಲ್ಲಿ ಹೊತ್ತು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಮೆತ್ತಿ ಮೆತ್ತಿ ಉಳಿಸಿಕೊಂಡು ಬಂದ ಒಡ್ಡು ಅದು. ಹಾಗಾಗಿ ಶಾಸನವಿಲ್ಲ, ಕಟ್ಟಿದವರ ಹೆಸರಿಲ್ಲ. ನನ್ನ ಮಟ್ಟಿಗೆ ಅದರ ಹಿರಿಮೆ ಇರುವುದೇ ಇಲ್ಲಿ. ಒಡ್ಡಿನೊಳಗೆ ಹತ್ತಾರು ಮನೆಗಳ ಗದ್ದೆಯಿರುತ್ತದೆ, ಹಲಗೆ ಎತ್ತುವ ಬಾಗಿಲು ಕೆಲವೇ. ಒಬ್ಬನು ತನಗೆ ಬೇಕಾದಾಗ ಎತ್ತಿದರೆ ಉಳಿದವರ ಬೆಳೆ ಹಾಳು. ಆದ್ದರಿಂದ ಯಾವಾಗ ನೀರು ಬಸಿಯಬೇಕು, ಯಾವಾಗ ಬಿತ್ತಬೇಕು, ಯಾವಾಗ ಉಪ್ಪುನೀರು ಬಿಡಬೇಕು ಎಂಬುದನ್ನು ಎಲ್ಲರೂ ಕೂತು ತೀರ್ಮಾನಿಸಲೇಬೇಕಿತ್ತು. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಡ್ಡಿನ ಖರ್ಚು ನಿಭಾಯಿಸಬೇಕಿತ್ತು. ಗೋವಾದ ಖಾಜನ್, ಕೇರಳದ ಪೊಕ್ಕಾಳಿ ಗದ್ದೆಗಳೂ ಇದೇ ದಾರಿಯಲ್ಲಿ ಬಂದವು.

1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಸರ್ಕಾರ ಹಲವು ಕಡೆ ಮಣ್ಣಿನ ಒಡ್ಡುಗಳ ಜಾಗದಲ್ಲಿ ಕಲ್ಲಿನ ಒಡ್ಡು ಕಟ್ಟಿತು. ಉದ್ದೇಶ ಒಳ್ಳೆಯದೇ. ವರ್ಷವರ್ಷ ಕೆಸರು ಹೊರುವ ಕಷ್ಟ ತಪ್ಪಿತು, ಮಣ್ಣಿಗಿಂತ ಕಲ್ಲು ಗಟ್ಟಿ. ಆದರೆ ಕೆಸರು ಹೊರಲು ಕೂಡುತ್ತಿದ್ದ ಜನ ಕೂಡುವುದು ನಿಂತಿತು. ಒಡ್ಡು ಇಲಾಖೆಯದ್ದಾಯಿತು, ಒಡೆದರೆ ಅರ್ಜಿ ಬರೆದು ಕಾಯುವುದಾಯಿತು. ಅದರ ಬೆನ್ನಿಗೇ ಶೆಟ್ಲಿಗೆ ಪರದೇಶದಲ್ಲಿ ಬೆಲೆ ಬಂತು. ಗಜನಿಗಳನ್ನು ಹೊರಗಿನ ಗುತ್ತಿಗೆದಾರರು ಹಿಡಿದರು. ಅವರಿಗೆ ಭತ್ತದ ಹಂಗಿಲ್ಲ. ಜೂನ್ ಬಂದರೂ ಉಪ್ಪುನೀರು ಹೊರಗೆ ಹೋಗಲಿಲ್ಲ, ಬಿತ್ತನೆಯ ಕಾಲ ತಪ್ಪಿತು, ಒಂದೊಂದೇ ಊರು ಕಗ್ಗ ಕೈಬಿಟ್ಟಿತು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೃಷಿಯೂ ಮಕಾಡೆ ಮಲಗಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ದೊಡ್ಡ ಸಿಗಡಿ ಕೆರೆಗಳ ವಿರುದ್ಧ ತೀರ್ಪು ಕೊಟ್ಟು, ಗಜನಿಯಂಥ ಸಾಂಪ್ರದಾಯಿಕ ಪದ್ಧತಿಗಳನ್ನು ಮಾತ್ರ ಉಳಿಸಿತು. ಅಷ್ಟರಲ್ಲಿ ಹಲವು ಕಡೆ ಬೀಜವೇ ಕಳೆದುಹೋಗಿತ್ತು.

ಮಾಣಿಕಟ್ಟಾದವರು ಬಿಡಲಿಲ್ಲ. ಬೆಳೆಗಾರರು ಒಟ್ಟಾಗಿ ನಿಂತು ಕಗ್ಗವನ್ನು ಉಳಿಸಿಕೊಂಡರು. ಅಕ್ಕಪಕ್ಕದ ಗಜನಿಗಳು ಪಾಳು ಬಿದ್ದಷ್ಟೂ ಅವರ ಕಷ್ಟ ಹೆಚ್ಚು: ಸುತ್ತಲಿನ ಹಕ್ಕಿಗಳೆಲ್ಲ ಉಳಿದಿರುವ ಪೈರಿಗೇ ಇಳಿಯುತ್ತವೆ, ಒಡ್ಡು ಒಂದು ಕಡೆ ಒಡೆದರೆ ಪಕ್ಕದವರು ಕೈ ಜೋಡಿಸಲು ಬರುವುದಿಲ್ಲ. ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ, ನೆರೆ ತಾಳುವ ಭತ್ತ ಇಡೀ ಕರಾವಳಿಗೆ ಬೇಕಾಗುತ್ತದೆ. ಆ ಬೀಜ ಪ್ರಯೋಗಾಲಯದ ಡಬ್ಬಿಯಲ್ಲಿದ್ದರೆ ಸಾಲದು, ವರ್ಷವರ್ಷ ಆ ಕೆಸರಿನಲ್ಲಿ ಮೊಳೆಯುತ್ತಿರಬೇಕು. ಮೊಳೆಯಬೇಕಾದರೆ ಒಡ್ಡು ಸರಿಯಿರಬೇಕು. ದುರಸ್ತಿಗೆ ಸರ್ಕಾರ ಕೊಡುವ ಹಣ ಬೆಳೆಗಾರರ ಸಂಘಗಳ ಮೂಲಕವೇ ಖರ್ಚಾಗಲಿ, ಮೀನಿನ ಗುತ್ತಿಗೆ ಬಿತ್ತನೆಗೆ ಮುಂಚೆ ಕಡ್ಡಾಯವಾಗಿ ಮುಗಿಯಲಿ. ಹಲಗೆ ಎತ್ತುವ ಹಕ್ಕು ಗದ್ದೆ ಮಾಡುವವರ ಕೈಯಲ್ಲಿದ್ದರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ನೋಡಬೇಕೆನ್ನುವವರು ದಸರೆ ರಜೆಯಲ್ಲಿ ಹೋಗಿ. ತೆನೆ ಬಂದಿರುತ್ತದೆ, ಮಳೆ ಇಳಿದಿರುತ್ತದೆ. ಹಿಂದಿನ ದಿನ ಭರತ ಇಳಿತದ ಹೊತ್ತು ವಿಚಾರಿಸಿಕೊಂಡು ಎರಡನ್ನೂ ನೋಡಿ. ಒಂದೇ ನೋಡಿದರೆ ಒಡ್ಡಿನ ಕೆಲಸ ತಿಳಿಯುವುದಿಲ್ಲ. ಹಾಗೇ ಗೋಕರ್ಣದ ಕಡೆ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ, ಅದೇ ಸಮುದ್ರದ ನೀರನ್ನು ಬೇಕೆಂದೇ ಒಳಗೆ ತಂದು ಒಣಗಿಸುವ ಜಾಗ. ಅಲ್ಲಿ ರಾಶಿ ಕಾಣಬೇಕಾದರೆ ಮಾತ್ರ ಬೇಸಿಗೆಯಲ್ಲಿ ಹೋಗಬೇಕು. ಗಜನಿಯಲ್ಲಿ ಊರವರನ್ನು ಕೇಳದೆ ಒಡ್ಡಿನ ಮೇಲೆ ನಡೆಯಬೇಡಿ, ಜಂತ್ರಡಿಯ ಹಲಗೆ ಮುಟ್ಟಬೇಡಿ. ಬೆಳೆದವರ ಮನೆಯಲ್ಲಿ ಕಗ್ಗದ ಅಕ್ಕಿ ಮಾರಾಟಕ್ಕಿದ್ದರೆ ಚೌಕಾಶಿ ಮಾಡದೆ ಕೊಂಡು ತನ್ನಿ.